ಬಿಳಿ ಒಂದರಲ್ಲಿ ಸತ್ತ ರಾಜ

ಹೈಸ್ಕೂಲಿನಲ್ಲಿ ಪ್ರಾರ್ಥನೆಗೆ ನಿಂತಾಗ ಮೇಷ್ಟ್ರು ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, "ನೀನು ಬಾಯಿ ಅಷ್ಟೇ ಆಡ್ಸು, ದನಿ ಬಿಡಬ್ಯಾಡ" ಎಂದಿದ್ದರು. ಉಳಿದ ಹುಡುಗರ ದನಿ ಒಡೆದು ಸರಿಹೋಯಿತು. ನನ್ನದು ಒಡೆದು ಪಾತಾಳ ಸೇರಿತು. ಎರಡು ವರ್ಷ ಹಾಗೇ ಬಾಯಿ ಆಡಿಸಿದೆ. ಆಮೇಲೆ ಹದಿನೆಂಟು ವರ್ಷ ನಾಟಕದಲ್ಲಿ ಬಣ್ಣ ಹಚ್ಚಿ ಹಾಡಿದ್ದೇನೆ, ಆದರೂ ಆ ಸಿಟ್ಟು ಆರಿಲ್ಲ. ಆರಲಿ ಎಂದು ನಾನು ಬಯಸಿದವನೂ ಅಲ್ಲ.

ನಮ್ಮದು ಶಿಕಾರಿಪುರದ ಪೇಟೆಯಲ್ಲಿ ಜವಳಿ ಅಂಗಡಿ. ಐವತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಇಪ್ಪತ್ತೊಂದು. ದೀಪಾವಳಿ ಕಳೆದ ಮೇಲೆ ಗದಗಿನ ಕಡೆಯ ನಾಟಕ ಕಂಪನಿಯೊಂದು ಬಂದು ಊರಂಚಿನಲ್ಲಿ ತಗಡಿನ ಥಿಯೇಟರು ಕಟ್ಟಿತು. ಅಲ್ಲಿ ಮುದಿರಾಜನ ಪಾರ್ಟು ಮಾಡುತ್ತಿದ್ದವರು ಮೈ ಸರಿಯಿಲ್ಲವೆಂದು ತಮ್ಮೂರಿಗೆ ಹೋದರು. ನಾನು ಹೋಗಿ ಮಾಲೀಕರ ಮುಂದೆ ನಾಲ್ಕು ಮಾತು ಹೇಳಿ ತೋರಿಸಿದೆ. ತಗಡು ನಡುಗಿತು ಎಂದು ಅವರೇ ಹೇಳಿ ಸೇರಿಸಿಕೊಂಡರು. ಅಂಗಡಿ ಬಿಟ್ಟು ನಾಟಕಕ್ಕೆ ಹೋದೆನೆಂದು ಅಪ್ಪ ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟರು. ನಾನು ಆ ಹದಿನೈದು ದಿನದಲ್ಲಿ ಇಡೀ ಪಾರ್ಟು ಬಾಯಿಪಾಠ ಮಾಡಿದೆ.

ಕಂಪನಿಯಲ್ಲಿ ಮಾಲೀಕರಿಗಿಂತ ದೊಡ್ಡವರು ಒಬ್ಬರಿದ್ದರು, ಪೇಟಿ ಮಾಸ್ತರರು. ರಂಗದ ಮುಂದೆ ಜನರಿಗೆ ಬೆನ್ನು ಹಾಕಿ ಕೂತು, ಕಾಲಿನಿಂದ ಗಾಳಿ ತುಂಬುತ್ತ ಎರಡೂ ಕೈಯಲ್ಲಿ ಹಾರ್ಮೋನಿಯಂ ನುಡಿಸುವವರು. ಅವರ ಶ್ರುತಿ ಬಿಳಿ ನಾಲ್ಕು, ಅಂದರೆ ಪೇಟಿಯಲ್ಲಿ ಬೆರಳಿಡುವ ನಾಲ್ಕನೆಯ ಬಿಳಿ ಮನೆ. ನಾಯಕನಿರಲಿ ಹಾಸ್ಯದವನಿರಲಿ, ಎಲ್ಲರೂ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಮೈಕು ಇರಲಿಲ್ಲ. ಎತ್ತರದ ದನಿ ಮಾತ್ರ ಹಿಂದೆ ಚಾಪೆಯ ಮೇಲೆ ಕೂತವರನ್ನು ಮುಟ್ಟುತ್ತದೆ ಎಂದು ಎಲ್ಲರೂ ನಂಬಿದ್ದರು. ಜನರ ಕಿವಿಯೂ ಹಾಗೇ ಪಳಗಿತ್ತು. ಗಂಡಸು ಕುತ್ತಿಗೆಯ ನರ ಉಬ್ಬಿಸಿ ಕಿರುಚಿದರೆ ಅದು ಹಾಡು.

ಮುದಿರಾಜನಿಗೆ ಇದ್ದದ್ದು ಒಂದೇ ಹಾಡು. ಕೊನೆಯ ಅಂಕದಲ್ಲಿ, ಗುರುತು ಸಿಗದೆ ಮಗನೇ ಬಿಟ್ಟ ಬಾಣ ತಾಗಿ ಬಿದ್ದು, ಆ ಹಾಡು ಹಾಡಿ ಸಾಯಬೇಕು. ಜನ ಮೆಚ್ಚಿ "ಒನ್ಸ್ ಮೋರ್" ಎಂದು ಕೂಗಿದರೆ ಎದ್ದು ಮತ್ತೆ ಹಾಡಿ ಮತ್ತೆ ಸಾಯಬೇಕು. ಯಾವ ಕಂಪನಿಯಲ್ಲೂ ಇದೇ ಪದ್ಧತಿ. ಸತ್ತವನು ಎದ್ದನಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ. ನನಗಿಂತ ಮುಂಚಿನ ರಾಜ ಒಂದೊಂದು ಆಟದಲ್ಲಿ ಮೂರು ಸಲ ಸಾಯುತ್ತಿದ್ದರಂತೆ.

ತಾಲೀಮಿನಲ್ಲಿ ನಾನು ಕೇಳಿಯೇಬಿಟ್ಟೆ. "ಮಾಸ್ತರೇ, ನನಗೆ ಬಿಳಿ ಒಂದು ಕೊಡ್ರಿ. ಅಷ್ಟು ಕೆಳಗಾದ್ರೆ ನನ್ನ ದನಿ ಸರಿಯಾಗಿ ನಿಲ್ತೈತೆ."

"ಒಬ್ಬನ ಸಲುವಾಗಿ ಪೇಟಿ ಕೆಳಗ ಇಳಿಯೂದಿಲ್ಲೋ. ನೀ ಮ್ಯಾಲ ಬಾ" ಎಂದರು.

ಮೇಲೆ ಹೋದೆ. ಮೊದಲ ಆಟದಲ್ಲೇ ಗಂಟಲು ಹರಿದು ದನಿ ಚೂರುಚೂರಾಯಿತು. ನಮ್ಮ ಅಂಗಡಿಯ ಪಂಚೆ ಉಟ್ಟು ಬಂದವರೇ ಬಿದ್ದು ಬಿದ್ದು ನಕ್ಕರು. ಮರುದಿನ ಮಾಸ್ತರರು ಆ ಹಾಡನ್ನೇ ತೆಗೆದುಹಾಕಿದರು. "ನೀ ಮಾತಾಡಿ ಸಾಯಿ. ನಿಂದು ರಾಕ್ಷಸನ ದನಿ ಐತಿ, ಹಾಡೂ ದನಿ ಅಲ್ಲ."

ಶಿಕಾರಿಪುರದಲ್ಲಿ ಉಳಿದ ಅಷ್ಟೂ ಆಟ ಮಾತಾಡಿಯೇ ಸತ್ತೆ. ಹಾಡನ್ನು ಮಾತ್ರ ಬಿಡಲಿಲ್ಲ. ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ನಿಂತು ನನ್ನ ಶ್ರುತಿಯಲ್ಲೇ ಹಾಡುತ್ತಿದ್ದೆ. ಹಾಡುತ್ತ ಹಾಡುತ್ತ ಒಂದು ವಿಷಯ ಹೊಳೆಯಿತು. ನನ್ನಜ್ಜ ಸಾಯುವಾಗ ನಾನು ಹಾಸಿಗೆಯ ಪಕ್ಕದಲ್ಲಿದ್ದೆ. ಅಜ್ಜ ಕೂಗಿರಲಿಲ್ಲ. ದನಿ ಇಳಿಯುತ್ತ ಇಳಿಯುತ್ತ ಹೋಗಿತ್ತು, ಒಂದು ಮಾತೂ ತಪ್ಪಿಹೋಗದಿರಲಿ ಎಂದು ಮನೆಮಂದಿಯೆಲ್ಲ ಬಗ್ಗಿ ಕೇಳಿಸಿಕೊಂಡಿದ್ದರು. ಎದೆಗೆ ಬಾಣ ತಾಗಿದ ಮುದುಕ ಬಿಳಿ ನಾಲ್ಕಕ್ಕೆ ಹೋಗಿ ಕಿರುಚುತ್ತಾನೆಯೇ? ತಪ್ಪು ನನ್ನ ಗಂಟಲಿನದಲ್ಲ, ಪೇಟಿಯದು ಎಂದು ಅಂದೇ ತೀರ್ಮಾನ ಮಾಡಿದೆ.

ಯುಗಾದಿ ಕಳೆದು ಕಂಪನಿ ಸೊರಬಕ್ಕೆ ಹೋಯಿತು. ಅಲ್ಲಿಯೂ ಬಿಳಿ ಒಂದು ಕೊಡಿ ಎಂದು ಎರಡು ಸಲ ಕೇಳಿದೆ, ಎರಡು ಸಲವೂ ಮಾಸ್ತರರು ಅಡಿಕೆ ಕತ್ತರಿಸುತ್ತ ಆಗದೆಂದು ತಲೆಯಾಡಿಸಿದರು. ಮೂರನೆಯ ಸಲ ಕೇಳಲಿಲ್ಲ. ಭಾನುವಾರ ಮಧ್ಯಾಹ್ನದ ಆಟ. ಕುಪ್ಪಗಡ್ಡೆಯ ಕಡೆಯಿಂದೆಲ್ಲ ಗಾಡಿ ಕಟ್ಟಿಕೊಂಡು ಹೆಂಗಸರು ಬಂದಿದ್ದರು, ಥಿಯೇಟರು ತುಂಬಿತ್ತು. ಕೊನೆಯ ಅಂಕದಲ್ಲಿ ಬಾಣ ತಾಗಿತು, ಬಿದ್ದೆ. ಆಡಬೇಕಾದ ಮಾತು ಆಡದೆ, ತೆಗೆದುಹಾಕಿದ್ದ ಹಾಡನ್ನು ಎತ್ತಿಕೊಂಡೆ. ಪೇಟಿ ಇಲ್ಲ, ತಬಲಾ ಇಲ್ಲ. ನನ್ನ ದನಿ ಒಂದೇ.

ಮಾಸ್ತರರು ಪೇಟಿಯಿಂದ ಎರಡೂ ಕೈ ತೆಗೆದು ಎದೆಯ ಮೇಲೆ ಕಟ್ಟಿಕೊಂಡರು. ಬಿದ್ದು ಸಾಯಲಿ ಎಂಬ ಮುಖ.

ಹಿಂದಿನ ಚಾಪೆಯಿಂದ ಒಬ್ಬ ಕೂಗಿದ. "ಎಂತ ಹಾಡದು, ಕೇಳೂದೇ ಇಲ್ಲ."

ಹೆಂಗಸರ ಕಡೆಯಿಂದ ಒಬ್ಬರು ತಿರುಗಿ ಹೇಳಿದರು. "ನೀ ಸುಮ್ನಿದ್ರೆ ಕೇಳ್ತದೆ ಮಾರಾಯ."

ಅವನು ಸುಮ್ಮನಾದ. ಅವನ ಬೆನ್ನಿಗೇ ಇಡೀ ಥಿಯೇಟರು ಸುಮ್ಮನಾಯಿತು. ಮಲಗಿದಲ್ಲಿಂದಲೇ ನೋಡಿದೆ. ಮುಂದಿನ ಸಾಲಿನವರು ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿದ್ದರು. ಅಜ್ಜನ ಹಾಸಿಗೆಯ ಸುತ್ತ ನಾವು ಬಗ್ಗಿದ ಹಾಗೇ. ನನಗೆ ಅಳು ಬಂತು, ಅದನ್ನೂ ಹಾಡಿಗೇ ಹಾಕಿದೆ. ಕೊನೆಯ ಸಾಲನ್ನು ಇನ್ನೂ ಕೆಳಗಿಳಿಸಿ, ಅಲ್ಲೇ ಬಿಟ್ಟು ಸತ್ತೆ.

ಆಮೇಲೆ ಚಾಪೆಯ ಕಡೆಯಿಂದಲೇ ಶುರುವಾಯಿತು, "ಒನ್ಸ್ ಮೋರ್, ಒನ್ಸ್ ಮೋರ್."

ಜನ ಕೇಳಿದ ಮೇಲೆ ಇಲ್ಲವೆನ್ನಲು ಮಾಸ್ತರರಿಗೂ ಅಧಿಕಾರವಿಲ್ಲ. ಗಾಳಿ ತುಂಬಿ ಶ್ರುತಿ ಹಿಡಿದರು. ಬಿಳಿ ನಾಲ್ಕು.

ನಾನು ಏಳಲಿಲ್ಲ.

ಮತ್ತೊಮ್ಮೆ ಒತ್ತಿದರು, ಈ ಸಲ ಜೋರಾಗಿ. ಹೆಣ ಅಲ್ಲಾಡಲಿಲ್ಲ. ಜನ ತಗಡು ಬಡಿಯತೊಡಗಿದರು. ಪಕ್ಕದ ಪರದೆಯ ಸಂದಿಯಿಂದ ಮಾಲೀಕರು ಹಲ್ಲು ಕಡಿದರು. "ಏಳೋ, ಜನ ಥೇಟರ ಕಿತ್ತ ಹಾಕ್ತಾರ." ಆ ಕ್ಷಣ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ನಾಳೆ ಅಪ್ಪನ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತ ಕೂರಬೇಕಾದೀತು ಎಂದು ಗೊತ್ತಿತ್ತು. ಆದರೆ ಬಿಳಿ ನಾಲ್ಕಕ್ಕೆ ಎದ್ದರೆ ಆ ಹಾಡು ಇನ್ನೆಂದೂ ನನ್ನದಾಗುವುದಿಲ್ಲ ಎಂಬುದೂ ಗೊತ್ತಿತ್ತು.

ಕಣ್ಣು ಬಿಟ್ಟೆ. ಮಾಸ್ತರರ ಮುಖ ನನಗಿಂತ ನಾಲ್ಕು ಮಾರು ಆಚೆ, ನೇರ ಎದುರಿಗಿತ್ತು. ಮೇಷ್ಟ್ರು ಕಲಿಸಿದ ಹಾಗೆ ದನಿ ಬಿಡದೆ ಬಾಯಿ ಅಷ್ಟೇ ಆಡಿಸಿದೆ. "ಬಿಳಿ ಒಂದು." ಕಣ್ಣು ಮುಚ್ಚಿಕೊಂಡೆ.

ಪೇಟಿಯ ದನಿ ನಿಂತಿತು. ಆಮೇಲೆ ಗಾಳಿ ತುಂಬುವ ಸದ್ದು, ಅದರ ಹಿಂದೆಯೇ ಮೂರು ಮನೆ ಕೆಳಗಿನಿಂದ ಶ್ರುತಿ ಬಂತು.

ಎದ್ದು ಹಾಡಿ ಮತ್ತೊಮ್ಮೆ ಸತ್ತೆ, ಈ ಸಲ ಪೇಟಿಯ ಜೊತೆಯಲ್ಲಿ.