ಹುಳದ ಮನೆ ಪಕ್ಕದ ಟೀ ಪಾರ್ಟಿ

ಪಟ್ಟಿ ಬರೆಯುವುದೆಂದರೆ ನನಗೆ ಹುಚ್ಚು. ಗೆಳತಿಯ ಮದುವೆಗೆ ಇನ್ನು ಹತ್ತು ದಿನವಿತ್ತು. ಮದುವೆಗೆ ಮುಂಚೆ ಹುಡುಗಿಯರು ಮಾತ್ರ ಸೇರಿ ಮದುವಣಗಿತ್ತಿಗೆ ಮಧ್ಯಾಹ್ನದ ಟೀ ಕೊಡುವುದನ್ನು ಫೋನಿನಲ್ಲಿ ನೋಡಿದ್ದೆ. ಬಿಳಿ ಬಟ್ಟೆ ಹಾಸಿದ ಮೇಜು, ಮೂರಂತಸ್ತಿನ ತಟ್ಟೆ, ಒಂದೇ ತುತ್ತಿಗೆ ಮುಗಿಯುವ ಸ್ಯಾಂಡ್‌ವಿಚ್. ನಮಗೇನು ಕಮ್ಮಿ ಎಂದುಕೊಂಡು ನೋಟ್‌ಬುಕ್ಕಿನಲ್ಲಿ ಎರಡು ಪುಟ ತುಂಬಿಸಿದೆ. ಕೊಳ್ಳೇಗಾಲದ ಬೇಕರಿಯಿಂದ ಕೇಕು ತರುವುದು ನನ್ನ ಪಾಲು. ಹನೂರಿನವಳು ನಿಪ್ಪಟ್ಟು ತರಬೇಕು, ಯಳಂದೂರಿನವಳು ಸೌತೆಕಾಯಿ ಹೆಚ್ಚಬೇಕು. ಸ್ಟೀಲ್ ತಟ್ಟೆಗಳ ನಡುವೆ ಲೋಟ ಬೋರಲು ಹಾಕಿದರೆ ಮೂರಂತಸ್ತು ತಾನೇ ಆಗುತ್ತದೆ.

ಪೇಟೆಯ ಹೋಟೆಲಿನಲ್ಲಿ ಮಾಡೋಣವೆಂದರೆ ಮದುವಣಗಿತ್ತಿಯೇ ಒಪ್ಪಲಿಲ್ಲ. "ಹುಳ ನಾಕ್ನೇ ಜ್ವರ ಎದ್ದವೆ ಕಣೆ. ನಾನೆಲ್ಲೂ ಬರಾಕಾಗಲ್ಲ" ಅಂದಳು. ರೇಷ್ಮೆಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಒಂದು ವಾರ ಅವು ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ತಿನ್ನುತ್ತವೆ, ಆಮೇಲೆ ಗೂಡು ಕಟ್ಟುತ್ತವೆ. ಆ ವಾರ ಮನೆಯವರು ಕದಲುವಂತಿಲ್ಲ. ಹಾಗಾಗಿ ಪಾರ್ಟಿ ಮುಳ್ಳೂರಿಗೆ, ಅವರ ಮನೆಯ ಜಗಲಿಗೆ ಬಂತು. ಜಗಲಿಗೆ ಅಂಟಿಕೊಂಡೇ ಹುಳದ ಮನೆ. ನಡುವೆ ಬಲೆ ಹೊಡೆದ ಒಂದು ಕಿಟಕಿ.

ಹುಳದ ಮನೆಗೆ ವಾಸನೆ ಆಗದು. ಹೂವು, ಸೆಂಟು, ಊದುಬತ್ತಿ ಯಾವುದೂ ಕೂಡದು. ಅದನ್ನೂ ನಾನೇ ಗ್ರೂಪಿನಲ್ಲಿ ಹಾಕಿದೆ: ಯಾರೂ ಮಲ್ಲಿಗೆ ಮುಡಿದು ಬರಬೇಡಿ, ಸೆಂಟು ಹಾಕಬೇಡಿ. ಇಷ್ಟು ಜಾಣತನ ತೋರಿಸಿದವಳು ನಾನು ಎಂಬುದನ್ನು ನೆನಪಿಟ್ಟುಕೊಳ್ಳಿ.

ಆ ಮನೆಯಲ್ಲಿ ಹುಳದ ಜವಾಬ್ದಾರಿ ಗೆಳತಿಯ ಅತ್ತಿಗೆಯದು, ಅವಳಣ್ಣನ ಹೆಂಡತಿಯದು. ಆಕೆ ಸೊಸೆಯಾಗಿ ಬಂದ ಮೇಲೆ ಒಂದು ಬೆಳೆಯೂ ಕೈಕೊಟ್ಟಿರಲಿಲ್ಲ. ಆಕೆಯ ಕೈಗುಣ ಒಳ್ಳೆಯದು ಎಂದು ಊರೇ ಹೇಳುತ್ತಿತ್ತು. ಅಕ್ಕಪಕ್ಕದವರು ಮೊದಲ ಹಿಡಿ ಸೊಪ್ಪನ್ನು ಆಕೆಯ ಕೈಯಲ್ಲೇ ಹಾಕಿಸುತ್ತಿದ್ದರು. ಜಾಸ್ತಿ ಮಾತಾಡದ ಆಕೆಗೆ ಆ ಒಂದು ಹೆಸರಿನಿಂದಲೇ ಮನೆಯಲ್ಲಿ ಬೆಲೆ. ಪಾರ್ಟಿಯ ದಿನ ಆಕೆ ಮುಟ್ಟಾಗಿ ಹಿತ್ತಲ ಕೋಣೆಯಲ್ಲಿದ್ದಳು. ಆ ದಿನಗಳಲ್ಲಿ ಹೆಂಗಸರು ಹುಳದ ಮನೆಯ ಹೊಸ್ತಿಲು ದಾಟುವಂತಿಲ್ಲ, ಅದು ಅಲ್ಲಿಯ ಕಟ್ಟುನಿಟ್ಟು.

ಟೀ ಚೆನ್ನಾಗಿಯೇ ನಡೆಯಿತು. ಆದರೆ ಹಿಂದಿನ ದಿನ ಮಳೆ ಬಿದ್ದು ಸೊಳ್ಳೆ ಎದ್ದಿದ್ದವು. ಹುಡುಗಿಯರು ಕಾಲು ಕೆರೆದುಕೊಳ್ಳುತ್ತಿದ್ದರು. ನನ್ನ ಮೇಜು, ನನ್ನ ಫೋಟೊ, ನನ್ನ ಪಾರ್ಟಿ ಕೆಡುತ್ತಿದೆಯೆಂದು ಸಿಟ್ಟು ಬಂತು. ಪಕ್ಕದ ಅಂಗಡಿಗೆ ಹೋಗಿ ಸೊಳ್ಳೆ ಬತ್ತಿ ತಂದು ಮೂರು ಸುರುಳಿ ಹಚ್ಚಿ, ಫೋಟೊದಲ್ಲಿ ಕಾಣಬಾರದೆಂದು ಮೇಜಿನ ಆಚೆಗೆ, ಆ ಕಿಟಕಿಯ ಕೆಳಗೇ ಇಟ್ಟೆ. ಸೊಳ್ಳೆಯನ್ನು ಕೊಲ್ಲುವುದು ಹುಳವನ್ನು ಬಿಡುತ್ತದೆಯೇ ಎಂದು ನನ್ನ ಬಿ.ಎಸ್ಸಿ. ತಲೆಗೆ ಹೊಳೆಯಲಿಲ್ಲ.

ನಾಲ್ಕು ಗಂಟೆಗೆ ಸೊಪ್ಪು ಹಾಕುವ ಹೊತ್ತು. ಗೆಳತಿಯ ಅಣ್ಣ ಲಗ್ನಪತ್ರಿಕೆ ಹಂಚಲು ಹೋಗಿದ್ದ, ಅವಳವ್ವ ನೆಂಟರ ಮನೆಯಲ್ಲಿದ್ದಳು. ಮದುವಣಗಿತ್ತಿ ಏಳಲು ಹೋದಳು. ಕೇಕು ಕತ್ತರಿಸುವ ಫೋಟೊ ಆಗಿರಲಿಲ್ಲ. "ಕೂತ್ಕೊ ಸುಮ್ನೆ, ಯಾರಾದ್ರೂ ಹಾಕ್ತಾರೆ" ಎಂದು ಭುಜ ಹಿಡಿದು ಕೂರಿಸಿದೆ. ಆ ಯಾರಾದರೂ ಅತ್ತಿಗೆಯಾದಳು. ನಾದಿನಿಯ ಸಂತೋಷ ಕೆಡಬಾರದೆಂದು ಸದ್ದಿಲ್ಲದೆ ಸ್ನಾನ ಮಾಡಿ ಬಂದು ಸೊಪ್ಪು ಹಾಕಿ ಹೋಗಿದ್ದಳು.

ಮರುದಿನ ಬೆಳಿಗ್ಗೆ ತಟ್ಟೆ ಲೋಟ ತರಲು ಹೋದೆ. ಹುಳಗಳು ತಲೆಯೆತ್ತಿ ಒದ್ದಾಡಿ, ಹಸಿರು ನೀರು ಕಾರಿ ಸಾಯುತ್ತಿದ್ದವು. ಕಿಟಕಿಯ ಕಡೆಯ ಸಾಲುಗಳು ಮೊದಲು. ಅವ್ವ ಸೊಸೆಯ ಮುಂದೆ ನಿಂತಿದ್ದಳು.

"ನಾಕ್ ಗಂಟೆ ಸೊಪ್ಪು ಯಾರ್ ಆಕಿದ್ದು?"

"ನಾನೇ ಕನವ್ವ."

"ಮುಟ್ಟಾಗಿ ಒಳೀಕೋಗಿದ್ದಾ?"

ಆಕೆ ಸುಳ್ಳು ಹೇಳಲಿಲ್ಲ. ನಾನು ಕಿಟಕಿಯ ಕೆಳಗೆ ನೋಡಿದೆ. ಬೂದಿ ಇರಲಿಲ್ಲ, ಯಾರೋ ಶುದ್ಧವಾಗಿ ಗುಡಿಸಿದ್ದರು. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಮದುವೆ ಹತ್ತಿರವಿದೆ, ಈಗ ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ಹೆದರಿದ್ದೆ. ತಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು ಬಂದುಬಿಟ್ಟೆ. ಬಸ್ಸಿನಲ್ಲಿ ಅವು ದಾರಿಯುದ್ದಕ್ಕೂ ಸದ್ದು ಮಾಡಿದವು.

ಎರಡು ವರ್ಷವಾಯಿತು. ಕಳೆದ ತಿಂಗಳು ಗೆಳತಿ ಬಾಣಂತನಕ್ಕೆ ಬಂದಿದ್ದಾಳೆಂದು ಮಗು ನೋಡಲು ಹೋದೆ. ಹುಳದ ಮನೆಯ ಬಾಗಿಲಲ್ಲಿ ಅತ್ತಿಗೆ ಸೊಪ್ಪಿನ ಕುಕ್ಕೆ ಹಿಡಿದು ನಿಂತಿದ್ದಳು. ಒಳಗಿನಿಂದ ಗಂಡ ಬಂದು ಕುಕ್ಕೆ ಇಸಿದುಕೊಂಡು ಹೋದ. ಆಕೆ ಹೊಸ್ತಿಲು ದಾಟಲಿಲ್ಲ. ಮುಟ್ಟಿನ ದಿನಗಳಲ್ಲಷ್ಟೇ ಅಲ್ಲ, ಅವತ್ತಿನಿಂದ ಯಾವ ದಿನವೂ ದಾಟಿಲ್ಲವೆಂದು ಗೆಳತಿ ಹೇಳಿದಳು. ಕೈಗುಣ ಹೋಯಿತಂತೆ.

ಮಗುವಿನ ಕೈಗೆ ಗಿಲಕಿ ಕೊಟ್ಟವಳು ನೇರ ಹಿತ್ತಲಿಗೆ ಹೋಗಿ ಅತ್ತಿಗೆಗೆ ಎಲ್ಲವನ್ನೂ ಹೇಳಿದೆ. ಆಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನಂಗ್ ಅವತ್ತೇ ಗೊತ್ತು. ಬೂದಿ ಗುಡಿಸ್ದೋಳು ನಾನೇ ಅಲ್ವಾ. ನೀನೇ ಏಳ್ತೀಯ ಅಂತ ಕಾಯ್ತಿದ್ದೆ."

ಈಗಲೇ ಅವ್ವನಿಗೆ ಹೇಳುತ್ತೇನೆ ಎಂದೆ.

"ಏಳು. ನಾನಿಲ್ದಾಗ ಬ್ಯಾಡ. ನನ್ ಮುಂದೇನೇ ಏಳು."

ಕೈ ತೊಳೆದುಕೊಂಡು ನನ್ನ ಹಿಂದೆಯೇ ಬಂದಳು. ಅವ್ವ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಹೇಳಿ ಮುಗಿಸಿದೆ, ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅಷ್ಟಕ್ಕೆ ನಾನು ಎರಡು ವರ್ಷ ತೆಗೆದುಕೊಂಡಿದ್ದೆ. ಅವ್ವ ನನ್ನನ್ನು ನೋಡಲಿಲ್ಲ, ಸೊಸೆಯನ್ನು ನೋಡಿದಳು.

"ನೀನಾದ್ರೂ ಯಾಕ್ ಏಳ್ನಿಲ್ಲ?"

"ಏಳಿದ್ರೆ ನಂಬ್ತಿದ್ರಾ?"

ಅವ್ವ ಮಗುವಿನ ಕಾಲು ನೀವುತ್ತಲೇ ಇದ್ದಳು. ಕೊನೆಗೆ, "ಸೊಪ್ಪಿನ ವೊತ್ತಾಯ್ತು, ಓಗಿ ಆಕು" ಅಂದಳು.

ಅತ್ತಿಗೆ ಕುಕ್ಕೆ ಎತ್ತಿಕೊಂಡಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹುಳಕ್ಕೆ ಸೋಂಕು ತಾಗದಂತೆ ಹರಡಿದ ಸುಣ್ಣದ ಪುಡಿಯಲ್ಲಿ ಕಾಲೊತ್ತಿ, ಒಂದು ಕ್ಷಣ ನಿಂತು ಒಳಗೆ ಹೆಜ್ಜೆಯಿಟ್ಟಳು. ನನಗೂ ಹಿಂದೆ ಹೋಗಿ ಸಹಾಯ ಮಾಡಬೇಕೆನಿಸಿ ಚಪ್ಪಲಿ ಬಿಟ್ಟೆ. ಆಕೆ ತಿರುಗಿ ಕೈ ಅಡ್ಡ ಹಿಡಿದಳು.

"ನೀನ್ ಬರ್ಬೇಡ. ಸೆಂಟ್ ಆಕಂಡಿದ್ದೀಯ."