ಗಂಗಾಳ ಬರಿಗಾಲು

ಎಲ್ಲೇ ಕಳುವಾದರೂ ಪೊಲೀಸರ ಗುಮಾನಿ ಮೊದಲು ಬೀಳುವ, ಅಥಣಿ ಕಡೆಯ ಹರಣಶಿಕಾರಿ ಜನರ ಕಾಲೊನಿಯಿಂದ ಸರಕಾರಿ ನೌಕರಿ ಹಿಡಿದ ಮೊದಲನೆಯವಳು ಗಂಗಾ. ಅದೂ ಪೊಲೀಸ್ ನೌಕರಿ. ಜೀಪು ಕಂಡರೆ ಗಂಡಸರೆಲ್ಲ ಕಬ್ಬಿನ ಹೊಲ ಸೇರುತ್ತಿದ್ದ ಕಾಲೊನಿಯಲ್ಲಿ ಅವತ್ತು ಗುಲಾಲು ಹಾರಿಸಿ ಹಲಗೆ ಬಾರಿಸಿದರು. ತಾಯಿ ಇಲ್ಲದ ಆಕೆಯನ್ನು ಸಾಕಿದ ಸೋದರತ್ತೆ ಅಕ್ಕವ್ವ, "ಇನ್ನ ಠಾಣೆದಾಗ ನಮ್ಮ ಮಾತು ತಿಳಿಯಾಕಿ ಒಬ್ಬಾಕಿ ಅದಾಳ" ಎಂದು ಊರೆಲ್ಲ ಹೇಳಿಕೊಂಡು ಬಂದಳು.

ಠಾಣೆಯವರಿಗೂ ಬೇಕಾಗಿದ್ದು ಅದೇ, ಆದರೆ ಬೇರೆ ಕೆಲಸಕ್ಕೆ. ತೆಲಸಂಗದಲ್ಲಿ ಪಂಪ್‌ಸೆಟ್ಟಿನ ತಂತಿ ಕಳುವಾದಾಗ ಹವಾಲ್ದಾರ ಲಗಮಪ್ಪ ಹಿಂದೆಮುಂದೆ ನೋಡಲಿಲ್ಲ.

"ಗಂಗಾ, ನಿಮ್ಮ ಮಂದೀನ ನಿಮ್ಮ ಭಾಷಾದಾಗ ಸುಮ್ಮ ಮಾತಾಡಿಸ್ಕೊಂಡ ಬಾ ಹೋಗು. ಅದಕ್ಕಂತನ ನಿನ್ನ ಇಲ್ಲಿ ಹಾಕ್ಯಾರ."

ಹೋದಳು. ಒಲೆಯ ಮುಂದೆ ಮನೆಮಾತಿನಲ್ಲಿ ಕಷ್ಟಸುಖ ಹೇಳುತ್ತ ಅಕ್ಕವ್ವ, ಮಗ ಸುಜಯ ನಾಲ್ಕಾರು ದಿನದಿಂದ ಮನೆಗೆ ಬಂದಿಲ್ಲ ಎಂದಳು. ಗಂಗಾ ಕೇಳಿದ್ದನ್ನು ಹಾಗೇ ಠಾಣೆಯಲ್ಲಿ ಒಪ್ಪಿಸಿದಳು. ಸುಜಯ ಕಾಗವಾಡ ಕಡೆ ದ್ರಾಕ್ಷಿ ತೋಟದ ಕೂಲಿಗೆ ಹೋಗಿದ್ದ. ಮನೆಬಿಟ್ಟವನೇ ಕಳ್ಳ ಎಂದು ಪೊಲೀಸರು ಅಲ್ಲಿಂದಲೇ ಎಳೆದು ತಂದು ಬಡಿದರು. ತಂತಿ ಕದ್ದವರು ಬೇರೆ ಯಾರೋ ಎಂದು ಗೊತ್ತಾಗುವಷ್ಟರಲ್ಲಿ ಅವನ ಕೈ ಮುರಿದಿತ್ತು. ಲಗಮಪ್ಪ ಚಹಾ ಕುಡಿದು ಮರೆತ.

ಕಾಲೊನಿಯಲ್ಲಿ ಗಂಗಾಳನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಆಕೆ ಬಂದರೆ ಕುರ್ಚಿ ಹಾಕುತ್ತಾರೆ, ಚಹಾ ಕೊಡುತ್ತಾರೆ. ಮಾತು ಮಾತ್ರ ಕನ್ನಡದಲ್ಲಿ, ಸಂತೆಯಲ್ಲಿ ಸಾಹುಕಾರರ ಜೊತೆ ಆಡುವ ಹಾಗೆ. ಎತ್ತಿ ಆಡಿಸಿದ ಅತ್ತೆಯೇ "ಬರ್ರಿ, ಕೂಡ್ರಿ. ಆರಾಮ ಅದೀರಿ?" ಎನ್ನುತ್ತಾಳೆ.

ಒಂದು ಸಲ ಬೈದಾದರೂ ಬಿಡು ಎಂದು ಗಂಗಾ ಮನೆಮಾತಿನಲ್ಲೇ ಕೇಳಿಕೊಂಡಳು.

"ನಿಮ್ಮನ್ನ ಹೆಂಗ ಬೈಯೂದ್ರಿ," ಎಂದು ಅಕ್ಕವ್ವ ಸೆರಗು ಸರಿಮಾಡಿಕೊಂಡಳು.

ಠಾಣೆಗೆ ಆಕೆ ಕಾಲೊನಿಯವಳು, ಕಾಲೊನಿಗೆ ಠಾಣೆಯವಳು. ಹುಟ್ಟಿದಾಗಿನಿಂದ ಆಡಿದ ಮಾತಿನಲ್ಲಿ ಆಕೆಯನ್ನು ಕರೆಯುವವರು ಈಗ ಒಬ್ಬರೂ ಇಲ್ಲ. ಇಂಥ ಒಂಟಿತನ ಯಾವ ವೈರಿಗೂ ಬೇಡ.

ಈಗ ಡ್ಯೂಟಿ ಮುಗಿಸಿ ಕಾಲೊನಿಗೆ ಬಂದರೆ ಬೂಟನ್ನು ಓಣಿಯ ತುದಿಯ ಬೇವಿನ ಬುಡದಲ್ಲೇ ಕಳಚಿ ಬರಿಗಾಲಲ್ಲಿ ಬರುತ್ತಾಳೆ. ಕಂಡವರು ಎಂಥ ವಿನಯ ಎನ್ನುತ್ತಾರೆ. ವಿನಯವೂ ಅಲ್ಲ, ಏನೂ ಅಲ್ಲ. ಬೂಟಿನ ಸಪ್ಪಳ ಕೇಳಿದರೆ ಒಳಗಿನ ಮಾತು ಕನ್ನಡಕ್ಕೆ ಬದಲಾಗುತ್ತದೆ.

ಮೊನ್ನೆ ಬಾಗಿಲ ಬಳಿ ಬಂದಾಗ ಅಕ್ಕವ್ವ ಸುಜಯನ ಮಗಳಿಗೆ ಮನೆಮಾತಿನಲ್ಲಿ ಹೇಳುತ್ತಿದ್ದಳು: ನಿನ್ನ ಹಾಗೇ ನಮ್ಮ ಗಂಗಾನೂ, ಸಣ್ಣವಳಿದ್ದಾಗ ರೊಟ್ಟಿ ಕೈಯಲ್ಲಿ ಹಿಡಿದೇ ನಿದ್ದೆಹೋಗುತ್ತಿದ್ದಳು. ಗಂಗಾ ಬಾಗಿಲ ಮರೆಯಲ್ಲೇ ನಿಂತು ಕೇಳಿದಳು. ತಂದಿದ್ದ ಬಾಳೆಹಣ್ಣನ್ನು ಸಪ್ಪಳಾಗದಂತೆ ಹೊಸ್ತಿಲ ಮೇಲಿಟ್ಟಳು. ಒಳಗೆ ಕಾಲಿಡದೆ ತಿರುಗಿ ಹೋಗಿ, ಬೇವಿನ ಕೆಳಗೆ ಕೂತು ಬೂಟು ಹಾಕಿಕೊಂಡಳು.