ಮಗಳ ಸೈಕಲ್, ನನ್ನ ಹೆಲ್ಮೆಟ್

ಇವತ್ತು ಶಿವಮೊಗ್ಗ ಕೋಟೆ ಹತ್ತಿರದ ಸೈಕಲ್ ಅಂಗಡಿಯಲ್ಲಿ ನನ್ನ ಮಾನ ಹೋಯಿತು ಸ್ನೇಹಿತರೇ. ಮುಂದಿನ ಚಕ್ರ ಎತ್ತಿ ಓಡಿಸಲು ಕಲಿಯುತ್ತಿರುವ ಮಗಳು ಕಸರತ್ತಿಗೆಂದೇ ಮಾಡಿದ ಬಿಎಂಎಕ್ಸ್ ಸೈಕಲ್ಲೇ ಬೇಕೆಂದಳು. ಅದನ್ನು ನೋಡಿದರೆ ಅವಳು ಬಿದ್ದು ಹಲ್ಲು ಮುರಿದುಕೊಳ್ಳುವುದೇ ನನ್ನ ಕಣ್ಣಿಗೆ ಕಟ್ಟಿತು. ಅವಳು ಟಯರ್ ಒತ್ತಿ ನೋಡುತ್ತಿದ್ದಾಗ ಅಂಗಡಿಯವರ ಕಿವಿಯಲ್ಲಿ, "ಅವಳ ಸೈಜ್ ಸ್ಟಾಕ್ ಇಲ್ಲ ಅಂದ್ಬಿಡಿ ಮಾರಾಯ್ರೆ" ಎಂದೆ.

ಅವರು ಅಂಗಡಿಗೆಲ್ಲ ಕೇಳುವಂತೆ, "ಪುಟ್ಟಿ, ನಿಮ್ಮಪ್ಪ ನನ್ ಕೈಲಿ ಸುಳ್ಳು ಹೇಳಿಸ್ತಿದಾರೆ ನೋಡು!" ಎಂದರು.

ಮಗಳು ನನ್ನತ್ತ ತಿರುಗಲೂ ಇಲ್ಲ. "ಅಪ್ಪಂಗೆ ಭಯ ಅಂಕಲ್. ಒಂದು ಹೆಲ್ಮೆಟ್ ಅವ್ರಿಗೂ ಕೊಡಿ."

ಸೈಕಲ್ ಕೊಂಡು, ಬಸ್ಸಿನ ಮೇಲೆ ಹಾಕಿಸಿ ಭದ್ರಾವತಿಗೆ ಬಂದೆವು.

ನನ್ನ ಮುಖ ಪೂರ್ತಿ ಮುಚ್ಚುವಂಥ ಹೆಲ್ಮೆಟ್ ಮಾತ್ರ ಆ ಅಂಗಡಿಯಲ್ಲಿ ನಿಜವಾಗಿಯೂ ಸ್ಟಾಕ್ ಇರಲಿಲ್ಲ.